ಎಷ್ಟು ಮಕ್ಕಳಿದ್ದರೆ ಒಂದು ಶಾಲೆ?

ಜೋಳದ ರಾಶಿಯನ್ನು ಕಣದಲ್ಲಿ ಕಂಡವರಿಗೆ ಒಂದು ಹಳೆಯ ಒಗಟನ್ನು ವಿವರಿಸುವುದು ಸುಲಭ. ರಾಶಿಯಿಂದ ಒಂದು ಕಾಳು ತೆಗೆದರೆ ಅದು ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೆಗೆದರೂ ಅಷ್ಟೆ. ಹೀಗೆ ಒಂದೊಂದೇ ತೆಗೆಯುತ್ತ ಹೋದರೆ ಎಷ್ಟನೆಯ ಕಾಳಿಗೆ ಅದು ರಾಶಿಯಲ್ಲ ಎಂದಾಗುತ್ತದೆ? ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಚಿಂತಕ ಯೂಬುಲಿಡಿಸ್‌ನ ಹೆಸರಿನಲ್ಲಿ ಈ ಪ್ರಶ್ನೆ ಇಂದಿಗೂ ತತ್ವಶಾಸ್ತ್ರದ ತರಗತಿಗಳಲ್ಲಿ ಓಡಾಡುತ್ತಿದೆ. ಉತ್ತರ ಸಿಕ್ಕಿಲ್ಲ. ಸಿಗದಿದ್ದರೂ ರೈತನಿಗೆ ನಷ್ಟವಿಲ್ಲ. ಅವನು ಕಾಳನ್ನು ಚೀಲಕ್ಕೆ ತುಂಬಿ ಮನೆಗೆ ಹೋಗುತ್ತಾನೆ.

ಇದೇ ಪ್ರಶ್ನೆಯನ್ನು ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮುಂದೆ ಇಡಲಾಗುತ್ತದೆ. ಆಗ ಅದು ಒಗಟಾಗಿ ಉಳಿಯುವುದಿಲ್ಲ. ಒಂದು ಮಗು ಟಿ.ಸಿ. ತೆಗೆದುಕೊಂಡು ಹೋದಾಗ ಶಾಲೆ ಶಾಲೆಯಾಗಿಯೇ ಇರುತ್ತದೆ. ಎರಡನೆಯದು ಹೋದಾಗಲೂ ಇರುತ್ತದೆ. ಒಂದು ದಿನ ಯಾರೋ ದಾಖಲಾತಿ ಪುಸ್ತಕವನ್ನು ತಿರುವಿ ನೋಡಿ, ಇಷ್ಟು ಕಡಿಮೆ ಮಕ್ಕಳಿದ್ದರೆ ಇದನ್ನು ಶಾಲೆ ಎನ್ನಲಾಗದು ಎನ್ನುತ್ತಾರೆ. ಹಾಗಾದರೆ ಅದನ್ನು ಶಾಲೆಯಲ್ಲದಂತೆ ಮಾಡಿದ ಮಗು ಯಾವುದು? ಕೊನೆಗೆ ಹೋದದ್ದೇ, ಮೊದಲು ಹೋದದ್ದೇ? ಮತ್ತು ಹೋಗದೆ ಉಳಿದ ಮಕ್ಕಳು ಇದಕ್ಕೆ ಏನೆಂದು ಬೆಲೆ ತೆರಬೇಕು? ಕಾಳಿಗೆ ತಾನು ಕೊನೆಯದೆಂದು ತಿಳಿಯುವುದಿಲ್ಲ. ಮಗುವಿಗೆ ತಿಳಿಯುತ್ತದೆ.

ವಿಜಯಪುರದಂಥ ಊರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಣ್ಣವೂ ಇದೆ. ಮುಂಬೈ ಪ್ರಾಂತದ ಕಾಲದಿಂದ ಬಂದ ರೂಢಿಯಂತೆ ಇಲ್ಲಿ ಎಷ್ಟೋ ಶಾಲೆಗಳಿಗೆ ಹೆಸರೇ ಇಲ್ಲ, ನಂಬರುಗಳಿವೆ. ಕನ್ನಡ ಗಂಡು ಮಕ್ಕಳ ಶಾಲೆ ಎಂದರೆ ಕೆ.ಬಿ.ಎಸ್., ಹೆಣ್ಣು ಮಕ್ಕಳದು ಕೆ.ಜಿ.ಎಸ್., ಉರ್ದುವಿನವು ಯು.ಬಿ.ಎಸ್., ಯು.ಜಿ.ಎಸ್. ಅವುಗಳ ಮುಂದೆ ಒಂದು, ನಾಲ್ಕು, ಹನ್ನೊಂದು ಎಂಬ ಅಂಕಿಗಳು. "ಯಾವ ಸಾಲಿ ನಿಂದು?" ಎಂದು ಕೇಳಿದರೆ ಹಿರಿಯರು ಈಗಲೂ ನಂಬರನ್ನೇ ಹೇಳುತ್ತಾರೆ. ಒಂದು ಪಾಟಿಯ ಮೇಲೆ ಅ ಆ ತಿದ್ದಿ, ಇನ್ನೊಂದರ ಮೇಲೆ ಅಲಿಫ್ ಬೇ ತಿದ್ದಿದ ನಮ್ಮಂಥವರಿಗೆ ಈ ನಂಬರುಗಳು ಅಂಕಿಗಳಂತೆ ಕೇಳಿಸುವುದಿಲ್ಲ. ಅವು ಓಣಿಗಳ, ಮಾಸ್ತರರ, ಅಕ್ಕೋರ ಇನ್ನೊಂದು ಹೆಸರು. ಇಂದು ಅದೇ ಶಾಲೆಗಳನ್ನು ಬೇರೊಂದು ನಂಬರಿನಿಂದ ಅಳೆಯಲಾಗುತ್ತಿದೆ, ಹಾಜರಿಯ ನಂಬರಿನಿಂದ.

ಸಣ್ಣ ಶಾಲೆ ನಮ್ಮೂರಿನ ಮಾತು ಮಾತ್ರವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯಲ್ಲಿಯೇ ಹೇಳಿರುವಂತೆ, 2016-17ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ ಸುಮಾರು 28ರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು. ಅದೇ ವರ್ಷ ಒಬ್ಬರೇ ಶಿಕ್ಷಕರಿದ್ದ ಶಾಲೆಗಳು 1,08,017. ಮನೆಗಳಲ್ಲಿ ಮಕ್ಕಳೂ ಕಡಿಮೆಯಾಗುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮುಸ್ಲಿಮರ ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುವುದೇ ಇಲ್ಲ ಎಂಬ ನಂಬಿಕೆಯೂ ನಿಜವಲ್ಲ. ಇಡೀ ದೇಶದಲ್ಲಿ ಅದು 1992-93ರ ಸಮೀಕ್ಷೆಯಲ್ಲಿ 4.4 ಇದ್ದದ್ದು 2019-21ರ ಹೊತ್ತಿಗೆ 2.4ರ ಸುಮಾರಿಗೆ ಬಂದಿದೆ. ಆದ್ದರಿಂದ ಶಾಲೆ ಸಣ್ಣದಾಯಿತು ಎಂದೊಡನೆ ಅದು ಮಾಸ್ತರರ ಸೋಮಾರಿತನ ಎಂದು ತೀರ್ಪು ಕೊಡುವವರು ಸ್ವಲ್ಪ ನಿಲ್ಲಬೇಕು.

ನಿಂತು ನೋಡಿದರೆ ಸಣ್ಣತನದಲ್ಲಿಯೂ ಬಗೆಗಳಿರುವುದು ಕಾಣುತ್ತದೆ. ಪುಸ್ತಕದಲ್ಲಿ ಏಳು ಹೆಸರುಗಳಿರುವ ಮೂರು ಶಾಲೆಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯದು ತಿಕೋಟಾ ಅಥವಾ ಬಬಲೇಶ್ವರದ ಕಡೆಯ ತೋಟದ ವಸ್ತಿಯಲ್ಲಿದೆ. 2017ರಲ್ಲಿ ಘೋಷಣೆಯಾದ ಈ ಎರಡು ಹೊಸ ತಾಲ್ಲೂಕುಗಳ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವ ಸಂಸಾರಗಳು ಊರೊಳಗೆ ಇರದೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುವುದು ಸಾಮಾನ್ಯ. ಅಲ್ಲೊಂದು ಮನೆ, ಇಲ್ಲೆರಡು ಮನೆ. ಅವರ ಮಕ್ಕಳಿಗಾಗಿ ಹುಟ್ಟಿದ್ದು ವಸ್ತಿ ಶಾಲೆ. ಈ ಶಾಲೆ ಸಣ್ಣದಾಗಿಯೇ ಹುಟ್ಟಿತು, ಸಣ್ಣದಾಗಿಯೇ ಬಾಳುತ್ತದೆ. ಇದು ನೆಲದ ಸ್ವಭಾವ. ಇದನ್ನು ಮಕ್ಕಳ ಕೊರತೆ ಎನ್ನುವುದು, ತೋಡಿದ ಬಾವಿಯನ್ನು ಕೆರೆಯಷ್ಟು ದೊಡ್ಡದಿಲ್ಲವೆಂದು ಹಳಿದಂತೆ.

ಎರಡನೆಯದು ಗಾಂಧಿ ಚೌಕದಂಥ ಪೇಟೆಯ ಮಗ್ಗುಲಿನ ಹಳೆಯ ಶಾಲೆ. ಪೇಟೆ ಬೆಳೆದಂತೆ ಮನೆಗಳು ಅಂಗಡಿಗಳಾಗುತ್ತವೆ, ಸಂಸಾರಗಳು ಹೊರಗಿನ ಬಡಾವಣೆಗಳಿಗೆ ಹೋಗುತ್ತವೆ. ಉಳಿದ ಮನೆಗಳಲ್ಲಿ ನಾಲ್ಕು ಕಾಸು ಉಳಿಸಬಲ್ಲವರು ಮಗುವಿಗೆ ಬೂಟು, ಟೈ ಹಾಕಿಸಿ ಆಟೋ ಹತ್ತಿಸುತ್ತಾರೆ. ಈ ಶಾಲೆ ದೊಡ್ಡದಿತ್ತು, ಸಣ್ಣದಾಯಿತು. ಒಬ್ಬೊಬ್ಬ ತಂದೆಯೂ ತನ್ನ ಮಗುವಿನ ಒಳಿತನ್ನೇ ನೋಡಿ ಮಾಡಿದ ನಿರ್ಧಾರಗಳು ಸೇರಿ, ಯಾರೂ ನಿರ್ಧರಿಸದ ಒಂದು ಫಲ ಬಂತು.

ಮೂರನೆಯದು ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಜತ್ತ ತಾಲ್ಲೂಕಿನ ಕನ್ನಡ ಶಾಲೆ. ಸಾಂಗಲಿ ಜಿಲ್ಲೆಯ ಈ ತಾಲ್ಲೂಕಿನಲ್ಲಿ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ, ದೂರದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. 1956ರ ನವೆಂಬರ್ 1ರಂದು ಎಳೆದ ಗೆರೆಯ ಆಚೆ ಉಳಿದವರ ಶಾಲೆಗಳು ಇವು. 2017ರ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಸುಮಾರು 1,300 ಶಾಲೆಗಳನ್ನು ಮುಚ್ಚಿ ಹತ್ತಿರದ ಶಾಲೆಗಳೊಂದಿಗೆ ಸೇರಿಸಲು ಹೊರಟಿತು. ಇಂಥ ನಿಯಮ ಬಂದಾಗ ಗಡಿಯ ಕನ್ನಡಿಗರು ಕೇಳುವ ಮೊದಲ ಪ್ರಶ್ನೆ, ಹತ್ತಿರದ ಶಾಲೆ ಇದೆ ನಿಜ, ಅದು ಯಾವ ಭಾಷೆಯದು ಎಂಬುದು. ಇಲ್ಲಿ ಸಣ್ಣತನ ಭಾಷೆಯಿಂದ ಬಂದದ್ದು.

ಮೂರೂ ಶಾಲೆಗಳಲ್ಲಿ ಏಳೇ ಮಕ್ಕಳು. ತಃಖ್ತೆಯಲ್ಲಿ ಮೂರಕ್ಕೂ ಒಂದೇ ಅಂಕಿ. ಆದರೆ ಮೂರರ ಕತೆಯೂ ಬೇರೆ. ಕತೆ ಬರೆಯುವ ನಮ್ಮಂಥವರಿಗೆ ಅಂಕಿಯ ಮೇಲೆ ಸಿಟ್ಟಿಲ್ಲ. ಅಂಕಿ ಪ್ರಶ್ನೆಯನ್ನು ಎತ್ತಬೇಕು, ಮುಗಿಸಬಾರದು ಎಂಬುದಷ್ಟೇ ನಮ್ಮ ಮಾತು.

ಪೇಟೆಯ ಶಾಲೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿಂದ ಮಕ್ಕಳನ್ನು ಬಿಡಿಸಿದ ತಂದೆ ತಾಯಿಯನ್ನು ಬೈಯುವುದು ಸುಲಭ. ಕನ್ನಡದ ಅಭಿಮಾನವಿಲ್ಲ ಎನ್ನುತ್ತೇವೆ, ಉರ್ದುವಿನ ಕಾಳಜಿಯಿಲ್ಲ ಎನ್ನುತ್ತೇವೆ. ಆದರೆ ಇಂಗ್ಲಿಷ್ ಬಾರದೆ ಅಂಗಡಿಯ ಬಿಲ್ಲು, ಆಸ್ಪತ್ರೆಯ ಚೀಟಿ, ಕೆಲಸದ ಅರ್ಜಿಗಳ ಮುಂದೆ ತಲೆ ತಗ್ಗಿಸಿ ನಿಂತವನು, ತನ್ನ ಮಗು ಹಾಗೆ ನಿಲ್ಲಬಾರದು ಎಂದುಕೊಂಡರೆ ಅದನ್ನು ದ್ರೋಹವೆಂದು ಕರೆಯಲಾಗದು. ಮಾಧ್ಯಮವನ್ನು ಆರಿಸುವುದು ಪೋಷಕರಿಗೆ ಬಿಟ್ಟದ್ದು, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲಿಯೇ ಹೇಳಿತು. ಮುಂದೆ 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯುವ ಯೋಜನೆಗೆ ರಾಜ್ಯ ಸರ್ಕಾರವೂ ಕೈಹಾಕಿತು. ಹೋದವರ ಹಕ್ಕನ್ನು ನ್ಯಾಯಾಲಯ ಒಪ್ಪಿದೆ, ಸರ್ಕಾರ ಒಪ್ಪಿದೆ, ನಾವೂ ಒಪ್ಪೋಣ.

ಕಷ್ಟದ ಪ್ರಶ್ನೆ ಉಳಿದವರದು. ಎಲ್ಲರೂ ಹೋದ ಮೇಲೆ ಉಳಿಯುವವರು ಯಾರು? ಹಮಾಲಿ ಮಾಡುವವನ, ಗಾಡಿಯ ಮೇಲೆ ಹಣ್ಣು ಮಾರುವವನ, ಮನೆಗೆಲಸದವಳ ಮಕ್ಕಳು. ದಲಿತರ, ಲಂಬಾಣಿಗರ, ಬಡ ಮುಸ್ಲಿಮರ ಮಕ್ಕಳು. ಕಬ್ಬು ಕಡಿಯಲು, ಗೋವೆ ಪುಣೆಗಳಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು ಅಜ್ಜಿಯ ಬಳಿ ಬಿಟ್ಟು ಹೋದ ಮಕ್ಕಳು. ಮತ್ತು ಹೆಣ್ಣುಮಕ್ಕಳು. ಅಣ್ಣನನ್ನು ಫೀ ಕೊಟ್ಟು ಓದಿಸಿ ತಂಗಿಯನ್ನು ಸರ್ಕಾರಿ ಶಾಲೆಗೆ ಕಳಿಸುವ ರೂಢಿ ಎಲ್ಲ ಸಮುದಾಯಗಳಲ್ಲಿಯೂ ಇದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಗಳಲ್ಲಿ ಈ ಅಂತರ ಮತ್ತೆ ಮತ್ತೆ ಕಂಡುಬಂದಿದೆ. ಮುಸ್ಲಿಮರ ಮಕ್ಕಳೆಲ್ಲ ಮದ್ರಸಾಗಳಲ್ಲಿದ್ದಾರೆ ಎಂದು ತಿಳಿದವರು 2006ರ ಸಾಚಾರ್ ಸಮಿತಿಯ ವರದಿಯನ್ನು ನೋಡಬೇಕು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಾಗಳಿಗೆ ಹೋಗುತ್ತಿದ್ದವರು ನೂರಕ್ಕೆ ಮೂರು ನಾಲ್ಕು ಮಾತ್ರ. ಉಳಿದವರು ಎಲ್ಲರ ಮಕ್ಕಳಂತೆ ಶಾಲೆಗಳಲ್ಲಿದ್ದರು, ಅಥವಾ ಯಾವ ಶಾಲೆಯಲ್ಲಿಯೂ ಇರಲಿಲ್ಲ.

ಹೀಗೆ ಸಣ್ಣ ಶಾಲೆಯ ದಾಖಲಾತಿ ಪುಸ್ತಕವು ಆಯ್ಕೆ ಇಲ್ಲದವರ ಪಟ್ಟಿ. ಆಯ್ಕೆ ಇದ್ದವರು ಹೋದರು. ಅವರು ಹೋದದ್ದರಿಂದ ಸಂಖ್ಯೆ ಇಳಿಯಿತು. ಸಂಖ್ಯೆ ಇಳಿದದ್ದಕ್ಕೆ ಶಾಲೆ ಮುಚ್ಚಿದರೆ ದಂಡ ಬೀಳುವುದು ಹೋಗದವರಿಗೆ. ಒಬ್ಬರ ಹಕ್ಕಿನ ಬಳಕೆ ಇನ್ನೊಬ್ಬರ ಹಕ್ಕನ್ನು ಹೀಗೆ ತಿಂದುಹಾಕಬಹುದೇ? ಕಲಿಯುವ ಹಕ್ಕನ್ನು 2002ರ 86ನೆಯ ತಿದ್ದುಪಡಿಯ ಮೂಲಕ ಸಂವಿಧಾನದ 21-ಎ ವಿಧಿ ಕೊಟ್ಟದ್ದು ಮಗುವಿಗೆ, ಒಬ್ಬೊಬ್ಬ ಮಗುವಿಗೆ. ಅಕ್ಕಪಕ್ಕದ ಮಕ್ಕಳು ಕಡಿಮೆಯಾದರೆ ಈ ಮಗುವಿನ ಹಕ್ಕೂ ಕಡಿಮೆಯಾಗುತ್ತದೆ ಎಂದು ಅದರಲ್ಲಿ ಬರೆದಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂದಿದೆ. 60 ಮೇಲಿನ ಮಿತಿ. ಕೆಳಗಿನ ಮಿತಿಯನ್ನು ಆ ಕಾಯ್ದೆ ಹೇಳಿಲ್ಲ. ಏಳು ಮಕ್ಕಳಿದ್ದರೂ ಇಬ್ಬರು ಶಿಕ್ಷಕರು ಎಂದೇ ಅದರ ಅರ್ಥ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ನ್ಯಾಯ ಹೇಳಿದಂತೆ. ಮುಚ್ಚಬೇಕು ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಏಳು ಮಕ್ಕಳು ಐದು ತರಗತಿಗಳಲ್ಲಿ ಹಂಚಿಹೋದರೆ ಮೂರನೆಯ ತರಗತಿಯಲ್ಲಿ ಒಬ್ಬಳೇ ಹುಡುಗಿ ಕೂತಿರುತ್ತಾಳೆ. ಅವಳಿಗೆ ಸರಿಸಮಾನ ಗೆಳತಿಯಿಲ್ಲ, ಪೈಪೋಟಿಯಿಲ್ಲ, ಕಬಡ್ಡಿಗೆ ಎರಡು ತಂಡಗಳಾಗುವುದಿಲ್ಲ. ಮಾಸ್ತರರು ಒಬ್ಬರೇ ಆಗಿದ್ದರೆ ಅವರು ಮೀಟಿಂಗಿಗೆ ಹೋದ ದಿನ ಶಾಲೆಯೇ ಇಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವೂ ಅವರ ತಲೆಯ ಮೇಲೆ. 2024-25ರ ಅಂಕಿಗಳ ಪ್ರಕಾರ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಓದುವವರು 33 ಲಕ್ಷಕ್ಕೂ ಹೆಚ್ಚು ಮಕ್ಕಳು. ಅದೇ ವರ್ಷ ಒಂದೂ ಮಗುವಿಲ್ಲದ ಶಾಲೆಗಳು ಸುಮಾರು 8,000, ಅವುಗಳಿಗೆ ನೇಮಕವಾಗಿದ್ದ ಶಿಕ್ಷಕರು 20,000ಕ್ಕೂ ಹೆಚ್ಚು. ಮಕ್ಕಳೇ ಇಲ್ಲದ ಕಡೆ ಇಬ್ಬರು ಮೂವರು ಮಾಸ್ತರರು, ಮಕ್ಕಳಿರುವ ಕಡೆ ಒಬ್ಬರು ಎಂದರೆ ಅದನ್ನು ಯಾವ ಸಿದ್ಧಾಂತದಿಂದಲೂ ಸಮರ್ಥಿಸಲಾಗದು. ಬೀಗ ಹಾಕದೆ ಉಳಿಸಿದ ಕೋಣೆಯನ್ನೇ ಶಾಲೆ ಎಂದುಕೊಂಡು ನಮ್ಮ ಅಭಿಮಾನಕ್ಕೆ ಮಕ್ಕಳನ್ನು ಒತ್ತೆಯಿಡುವುದು ಕೂಡ ಅನ್ಯಾಯವೇ. ಒಳ್ಳೆಯ ಶಿಕ್ಷಕರು, ಗ್ರಂಥಾಲಯ, ಆಟದ ಬಯಲು ಇರುವ ದೊಡ್ಡ ಶಾಲೆ ಬಡವರ ಮಗುವಿಗೂ ಸಿಗಲಿ ಎಂಬ ಆಸೆಯನ್ನು ಸಂಶಯದಿಂದ ನೋಡಬೇಕಾಗಿಲ್ಲ. 2018ರಿಂದ ರಾಜ್ಯದಲ್ಲಿ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದೆ ಇರುವುದೂ ಒಂದೇ ಆವರಣದಲ್ಲಿ ಎಲ್ಲ ತರಗತಿಗಳೂ ಇರಲಿ ಎಂಬ ಇದೇ ವಿಚಾರ.

ಆದರೆ ಇತಿಹಾಸ ಇನ್ನೊಂದು ಮಾತನ್ನು ನೆನಪಿಸುತ್ತದೆ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹುಡುಗಿಯರಿಗೆ ಕಲಿಸಲು ತೊಡಗಿದಾಗ ಎದುರಿಗೆ ಇದ್ದವರು ಬೆರಳೆಣಿಕೆಯ ಮಕ್ಕಳು. ಆ ದಿನ ಯಾರಾದರೂ ಹಾಜರಿ ನೋಡಿ ತೀರ್ಮಾನ ಮಾಡಿದ್ದರೆ ಆ ಶಾಲೆ ಉಳಿಯುತ್ತಿರಲಿಲ್ಲ. ನಮ್ಮ ಮುಂಬೈ ಕರ್ನಾಟಕದಲ್ಲಿಯೂ ಅಷ್ಟೆ. 19ನೆಯ ಶತಮಾನದ ಮಧ್ಯದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ಡೆಪ್ಯುಟಿ ಚನ್ನಬಸಪ್ಪನವರು ಊರೂರು ಅಲೆದು, ಕನ್ನಡ ಶಾಲೆ ತೆರೆಯಿಸಿ, ಮಕ್ಕಳನ್ನು ಕಳಿಸಿರಿ ಎಂದು ಜನರನ್ನು ಬೇಡಿಕೊಂಡರು. ಮೊದಲು ಸಾಕಷ್ಟು ಮಕ್ಕಳು ಬರಲಿ, ಆಮೇಲೆ ಕನ್ನಡ ಶಾಲೆ ಎಂದಿದ್ದರೆ ನಾವು ಇಂದು ಈ ಲೇಖನವನ್ನು ಯಾವ ಭಾಷೆಯಲ್ಲಿ ಬರೆಯುತ್ತಿದ್ದೆವೋ. ಶಾಲೆ ಇರುವುದರಿಂದ ಮಕ್ಕಳು ಬರುತ್ತಾರೆ ಎಂಬುದು, ಮಕ್ಕಳಿರುವುದರಿಂದ ಶಾಲೆ ಇರುತ್ತದೆ ಎಂಬುದರಷ್ಟೇ ನಿಜ.

ಇಲ್ಲಿ ಉರ್ದು ಶಾಲೆಯ ಮಾತನ್ನೂ ಆಡಿಬಿಡಬೇಕು. ವಿಜಯಪುರದ ಮುಸ್ಲಿಂ ಓಣಿಯ ಮಗು ಮನೆಯಲ್ಲಿ ಆಡುವುದು ದಖ್ಖನಿ. ಆದಿಲಶಾಹಿಯ ಕಾಲದಲ್ಲಿ ನುಸ್ರತಿಯಂಥ ಕವಿಗಳು ದರ್ಬಾರಿನಲ್ಲಿ ಮೆರೆಸಿದ ಭಾಷೆ ಅದು. ಪುಸ್ತಕದ ಉರ್ದು ಅದಕ್ಕೆ ಸ್ವಲ್ಪ ದೂರದ ನೆಂಟ. ಬೀದಿಯ ಭಾಷೆ ಕನ್ನಡ. ತಂದೆಯ ಕನಸಿನ ಭಾಷೆ ಇಂಗ್ಲಿಷ್. ಇಷ್ಟರ ನಡುವೆ ಉರ್ದು ಶಾಲೆಯ ಹಾಜರಿ ಇಳಿದಾಗ ಇಬ್ಬಗೆಯ ಮಾತು ಕೇಳಿಬರುತ್ತದೆ. ಕೆಲವರು ಇದು ನಮ್ಮ ಮೇಲಿನ ಸಂಚು ಎನ್ನುತ್ತಾರೆ. ಇನ್ನು ಕೆಲವರು ಕನ್ನಡ ನಾಡಿನಲ್ಲಿ ಉರ್ದು ಶಾಲೆ ಏಕೆ ಬೇಕು ಎನ್ನುತ್ತಾರೆ. ಇಬ್ಬರೂ ಜತ್ತಕ್ಕೆ ಒಮ್ಮೆ ಹೋಗಿಬರಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಮಾಡಬೇಕೆಂದು ಹೇಳುವ ಸಂವಿಧಾನದ 350-ಎ ವಿಧಿ ಬಂದದ್ದು ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲಿಯೇ, 1956ರಲ್ಲಿ. ಜತ್ತದ ಕನ್ನಡದ ಮಗುವೂ ವಿಜಯಪುರದ ಉರ್ದುವಿನ ಮಗುವೂ ಕೈಹಿಡಿದು ನಿಂತಿರುವುದು ಆ ಒಂದೇ ಕಂಬವನ್ನು. ಅಲ್ಲಿನ ಮಗುವಿಗೆ ಕೇಳುವ ನ್ಯಾಯವನ್ನು ಇಲ್ಲಿನ ಮಗುವಿಗೆ ನಿರಾಕರಿಸುವಂತಿಲ್ಲ. ಇಲ್ಲಿ ಕೇಳುವವರು ಅಲ್ಲಿನ ಕನ್ನಡ ಶಾಲೆಗಾಗಿ ದನಿ ಎತ್ತದಿರುವಂತೆಯೂ ಇಲ್ಲ.

ಹಾಗಾದರೆ ಸಣ್ಣ ಶಾಲೆಯನ್ನು ಏನು ಮಾಡಬೇಕು? ಎಲ್ಲ ಕಡೆಗೂ ಒಪ್ಪುವ ಒಂದು ಅಂಕಿಯನ್ನು ಹುಡುಕುವುದನ್ನು ಮೊದಲು ಬಿಡಬೇಕು. 2025ರಲ್ಲಿ ಉತ್ತರ ಪ್ರದೇಶ ಸರ್ಕಾರ 50ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೋಡಿಸಲು ಹೊರಟಿತು. ನ್ಯಾಯಾಲಯದಲ್ಲಿ ಮೊದಲು ಗೆದ್ದರೂ, ಪೋಷಕರ ವಿರೋಧ ಹೆಚ್ಚಿದ ಮೇಲೆ ಒಂದು ಕಿಲೋಮೀಟರಿಗಿಂತ ದೂರದ ಶಾಲೆಗಳನ್ನು ಜೋಡಿಸುವುದಿಲ್ಲ ಎಂದು ತಾನೇ ಹೇಳಬೇಕಾಯಿತು. ದೂರವೆಂಬುದು ನಕ್ಷೆಯ ಮೇಲೆ ಒಂದು, ಹುಡುಗಿಯ ಕಾಲಿಗೆ ಇನ್ನೊಂದು. ನಡುವೆ ಹೆದ್ದಾರಿ ಇದೆಯೇ, ಹಳ್ಳ ಇದೆಯೇ, ಸಾರಾಯಿ ಅಂಗಡಿ ಇದೆಯೇ ಎಂಬುದನ್ನು ಕಿಲೋಮೀಟರು ಹೇಳುವುದಿಲ್ಲ. "ದೂರ ಆತ್ರಿ ಮಾಸ್ತರ, ಹುಡುಗಿ ಒಬ್ಬಾಕಿನ ಹ್ಯಾಂಗ ಕಳಸೂದು?" ಎನ್ನುವ ತಾಯಿಯ ಮಾತಿಗೆ ಯಾವ ತಃಖ್ತೆಯಲ್ಲಿಯೂ ಕಲಮಿಲ್ಲ. ಅವಳು ಜಗಳವಾಡುವುದಿಲ್ಲ, ಅರ್ಜಿ ಕೊಡುವುದಿಲ್ಲ. ಮಗಳನ್ನು ಮನೆಯಲ್ಲಿ ಕೂರಿಸಿಕೊಳ್ಳುತ್ತಾಳೆ. ಕಾಗದದಲ್ಲಿ ಆ ಹುಡುಗಿ ಹೊಸ ಶಾಲೆಗೆ ವರ್ಗವಾಗಿರುತ್ತಾಳೆ.

ನಮಗೆ ತೋಚುವ ಧರ್ಮಸಮ್ಮತವಾದ ಅಳತೆ ಇದು. ಮುಚ್ಚುವ ಮೊದಲು ಎಣಿಸುವವರು, ಮುಚ್ಚಿದ ಮೇಲೂ ಎಣಿಸಬೇಕು. ಏಳು ಮಕ್ಕಳಿದ್ದರು ಎಂದು ಶಾಲೆ ಮುಚ್ಚಿದರೆ, ಆ ಏಳು ಮಕ್ಕಳು ಮುಂದಿನ ವರ್ಷ ಎಲ್ಲಿದ್ದಾರೆ ಎಂಬುದನ್ನು ಹೆಸರು ಹಿಡಿದು ನೋಡಬೇಕು. ಏಳಕ್ಕೆ ಏಳೂ ಹೊಸ ಶಾಲೆಯಲ್ಲಿ ಕೂತು, ತಮ್ಮ ಭಾಷೆಯಲ್ಲಿಯೋ ತಾವು ಬಯಸಿದ ಭಾಷೆಯಲ್ಲಿಯೋ ಓದುತ್ತಿದ್ದರೆ, ಮುಚ್ಚಿದ್ದು ತಪ್ಪಲ್ಲ, ಒಳ್ಳೆಯದೇ ಆಯಿತು ಎನ್ನಬಹುದು. ಒಬ್ಬಳು ಕಾಣೆಯಾಗಿದ್ದರೂ, ಉಳಿಸಿದ ಹಣದ ಲೆಕ್ಕದಲ್ಲಿ ಅವಳನ್ನೂ ಬರೆಯಬೇಕು. ವಸ್ತಿಯ ಶಾಲೆಯಲ್ಲಿ ಮಗುವನ್ನು ಕರೆದೊಯ್ಯುವ ವಾಹನ ನಿಜವಾಗಿ ಬರುವವರೆಗೆ ಬೀಗ ಬೀಳಬಾರದು. ಭಾಷೆಯ ಕಾರಣಕ್ಕೆ ಇರುವ ಶಾಲೆಯಲ್ಲಿ ಅದೇ ಭಾಷೆಯ ಇನ್ನೊಂದು ಶಾಲೆ ನಡಿಗೆಯ ದೂರದಲ್ಲಿ ಇರುವವರೆಗೆ ಬೀಳಬಾರದು. ಪೇಟೆಯ ಶಾಲೆಯಲ್ಲಿ, ಹೋದವರು ಏಕೆ ಹೋದರು ಎಂದು ಕೇಳಿ, ಅವರು ಬಯಸಿದ್ದನ್ನು ಉಳಿದವರಿಗೂ ಕೊಟ್ಟು ನೋಡುವವರೆಗೆ ಬೀಳಬಾರದು.

ಈ ಕೊನೆಯ ಮಾತು ಸರ್ಕಾರಕ್ಕೆ ಮಾತ್ರ ಸೇರಿದ್ದಲ್ಲ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸುವಂತೆ ಮಾಡಬೇಕೆಂದು ಹೇಳಿತ್ತು. ಮಕ್ಕಳನ್ನು ಆದೇಶದಿಂದ ಕಳಿಸುವುದು ಆಗಹೋಗುವ ಮಾತಲ್ಲ. ಆದರೆ ಮಗುವನ್ನು ಕಳಿಸದವರಿಗೂ ಆ ಶಾಲೆಯ ಮೇಲೆ ಒಂದು ಹೊಣೆ ಉಳಿಯುತ್ತದೆ. ಜಮಾತಿನವರು, ದೇವಸ್ಥಾನದ ಕಮಿಟಿಯವರು, ಚೌಕದ ವ್ಯಾಪಾರಿಗಳು, ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದೆರಡು ಸಲ ಆ ಗೇಟಿನೊಳಗೆ ಹೋಗಿ, ಎಷ್ಟು ಮಕ್ಕಳಿದ್ದಾರೆ ಎಂದು ಕೇಳುವ ಬದಲು ಯಾವ ಮಗು ಬಂದಿಲ್ಲ ಎಂದು ಕೇಳಿದರೆ ಸಾಕು. ಅಂಥ ಪ್ರಶ್ನೆ ಕೇಳುವವರು ಬರುತ್ತಾರೆಂದು ಗೊತ್ತಾದರೆ ಮಾಸ್ತರರ ಕೆಲಸಕ್ಕೂ ಅರ್ಥ ಬರುತ್ತದೆ, ಮಗಳನ್ನು ಮನೆಯಲ್ಲಿ ಕೂರಿಸಿಕೊಂಡ ತಾಯಿಗೂ ಮಾತಾಡಲು ಒಬ್ಬರು ಸಿಗುತ್ತಾರೆ.